ಉದಾರವಾದ, ನೀತಿ ಮತ್ತು ‘ಮಂದಿ ಏನಂತಾರ’: ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಬಿ.ಎ. ಮಕ್ಕಳಿಗೆ ರಾಜ್ಯಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಉದಾರವಾದದ ಪಾಠ ಬಂದಾಗಲೆಲ್ಲ ಕ್ಲಾಸು ಮುಗಿದ ಮೇಲೆ ಒಂದಿಬ್ಬರು ಹಿಂದೆ ಉಳಿಯುತ್ತಾರೆ. ಎಲ್ಲರ ಮುಂದೆ ಕೇಳಲು ಸಂಕೋಚ. ಅವರ ಅಪ್ಪಂದಿರು ಮದುವೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಾಗ ಅದೇ ಪ್ರಶ್ನೆಯನ್ನು ಉಲ್ಟಾ ಮಾಡಿ ಕೇಳುತ್ತಾರೆ. ಆಗೊಮ್ಮೆ ಈಗೊಮ್ಮೆ ಪತ್ರಗಳೂ ಬರುತ್ತವೆ. ಜಾಸ್ತಿ ಸಲ ಕೇಳಿದ್ದನ್ನು ಅವರವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ.

## ಮೊದಮೊದಲ ಪ್ರಶ್ನೆಗಳು

ಸರ್, ಉದಾರವಾದ ಅಂದ್ರೆ ಏನ್ರೀ? ದಾನ ಧರ್ಮ ಮಾಡೋದಾ?

ಅಲ್ಲ. ಹೆಸರೇ ದಾರಿ ತಪ್ಪಿಸುತ್ತದೆ. ಕೈಬಿಚ್ಚಿ ಕೊಡುವವರನ್ನು ನಾವು ಉದಾರಿ ಅನ್ನುತ್ತೇವೆ, ಆ ಅರ್ಥ ಇಲ್ಲಿಲ್ಲ. ವಯಸ್ಸಿಗೆ ಬಂದ ಮನುಷ್ಯ ಏನು ನಂಬಬೇಕು, ಯಾರನ್ನು ಮದುವೆಯಾಗಬೇಕು, ಏನು ಓದಬೇಕು, ಹೇಗೆ ಬದುಕಬೇಕು ಅನ್ನುವುದನ್ನು ಅವನೋ ಅವಳೋ ತಾವೇ ತೀರ್ಮಾನ ಮಾಡಲಿ, ಸರ್ಕಾರವಾಗಲಿ ಊರಾಗಲಿ ಅಡ್ಡ ಬರಬೇಕಾದರೆ ಗಟ್ಟಿ ಕಾರಣ ಕೊಡಲಿ, ಇಷ್ಟೇ.

ಗಟ್ಟಿ ಕಾರಣ ಯಾವುದು? ಇಂಗ್ಲೆಂಡಿನ ಚಿಂತಕ ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಕೊಟ್ಟ ಉತ್ತರವನ್ನೇ ಇವತ್ತಿಗೂ ಎಲ್ಲರೂ ಎಳೆದಾಡುತ್ತಾರೆ. ಬೇರೆಯವರಿಗೆ ಆಗುವ ಹಾನಿ ತಪ್ಪಿಸಲು ಮಾತ್ರ ಒಬ್ಬರ ಮೇಲೆ ಬಲ ಹಾಕಬಹುದು. ‘ನಿನ್ನ ಒಳ್ಳೇದಕ್ಕೇ ಮಾಡ್ತಿದೀನಿ’ ಅಂತ ಬಲ ಹಾಕುವ ಹಾಗಿಲ್ಲ. ಬುದ್ಧಿ ಹೇಳಬಹುದು, ಜಗಳ ಮಾಡಬಹುದು, ಕೈಮುಗಿದು ಬೇಡಿಕೊಳ್ಳಬಹುದು. ಆದರೆ ಕೈ ಹಿಡಿದು ಎಳೆಯುವಂತಿಲ್ಲ.

1991ರಲ್ಲಿ ಬಂತಲ್ಲ ಉದಾರೀಕರಣ, ಅದೇ ಇದಾ?

ದಾಯಾದಿಗಳು ಅನ್ನಬಹುದು. 1991ರದ್ದು ಲೈಸೆನ್ಸು, ಆಮದು, ವಿದೇಶಿ ಬಂಡವಾಳದ ಮಾತು. ಈ ಪುಟದಲ್ಲಿ ಮಾತಾಡುವುದು ಮನುಷ್ಯನ ಬದುಕಿನ ಬಗ್ಗೆ. ಮುಕ್ತ ಮಾರುಕಟ್ಟೆಗೆ ಕೈ ಎತ್ತುವ ಎಷ್ಟೋ ಮಂದಿ ಮಗಳ ಮದುವೆ ವಿಷಯ ಬಂದರೆ ಪೂರ್ತಿ ಲೈಸೆನ್ಸ್ ರಾಜ್ ನಡೆಸುತ್ತಾರೆ. ಒಂದು ತಮಾಷೆ ಗಮನಿಸಿ. ಮಾರುಕಟ್ಟೆಯ ಪಿತಾಮಹ ಅಂತ ನಾವು ಓದುವ ಆಡಂ ಸ್ಮಿತ್ ಗ್ಲಾಸ್ಗೋದಲ್ಲಿ ಪಾಠ ಮಾಡುತ್ತಿದ್ದದ್ದು ನೀತಿಶಾಸ್ತ್ರ. 1776ರ ಅರ್ಥಶಾಸ್ತ್ರದ ಪುಸ್ತಕಕ್ಕಿಂತ ಮೊದಲೇ, 1759ರಲ್ಲಿ, ಇನ್ನೊಬ್ಬರ ನೋವು ನಮಗೆ ಹೇಗೆ ತಟ್ಟುತ್ತದೆ ಅನ್ನುವುದರ ಮೇಲೆ ಇಡೀ ಒಂದು ಪುಸ್ತಕ ಬರೆದಿದ್ದ.

ಲಿಬರಲ್ ಮಂದಿಗೆ ನೀತಿ ನಿಯಮ ಏನೂ ಇರೋದಿಲ್ಲ ಅಂತಾರಲ್ಲ?

ಜಾಸ್ತಿ ಸಲ ಬರುವ ಪ್ರಶ್ನೆ ಇದೇ, ಸ್ವಲ್ಪ ನಿಂತು ಹೇಳುತ್ತೇನೆ.

ನಮ್ಮ ಕಡೆ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುಂಬಿ ‘ನೀತಿ’ ಅನ್ನುತ್ತಾರೆ. ಒಂದು ನಿಜವಾದ ನೀತಿ: ಮೋಸ ಮಾಡಬೇಡ, ಕೊಟ್ಟ ಮಾತು ತಪ್ಪಬೇಡ, ಕೈಲಾಗದವರನ್ನು ತುಳಿಯಬೇಡ. ಇನ್ನೊಂದು ಮರ್ಯಾದೆ, ಅಂದರೆ ಮಂದಿ ಬಾಯಿಗೆ ಸಿಗದ ಹಾಗೆ ಬದುಕುವುದು. ಇವೆರಡೂ ಒಂದೊಂದು ಸಲ ಕೂಡುತ್ತವೆ, ಬಹಳ ಸಲ ಕೂಡುವುದಿಲ್ಲ. ಕೂಲಿ ಹೆಂಗಸಿನ ಎರಡು ವಾರದ ಪಗಾರ ಹಿಡಿದಿಟ್ಟ ದೊಡ್ಡ ಮನುಷ್ಯರ ಮರ್ಯಾದೆಗೆ ಏನೂ ಆಗುವುದಿಲ್ಲ, ಜಾತ್ರೆಯಲ್ಲಿ ಅವರಿಗೇ ಮುಂದಿನ ಕುರ್ಚಿ. ಅವರ ಮಗಳು ಯಾರದೋ ಬೈಕ್ ಹಿಂದೆ ಕೂತು ಸಿಂದಗಿ ನಾಕಾ ದಾಟಿದಳು ಅಂದರೆ ಮಾತ್ರ ಮನೆತನದ ಮರ್ಯಾದೆ ಹೋಯಿತು. ಇಲ್ಲಿ ಹಾನಿಯಾದದ್ದು ಯಾರಿಗೆ ಅಂತ ಕೇಳಿದರೆ ಸಾಕು, ಉದಾರವಾದದ ಅರ್ಧ ಪಾಠ ಮುಗಿಯಿತು.

ಮರ್ಯಾದೆಯ ಕಾವಲಿಗೆ ಓಣಿ ಇರುತ್ತದೆ. ನೋಡುವವರಿಲ್ಲದಿದ್ದರೆ ಅದು ಮಲಗಿಬಿಡುತ್ತದೆ, ಪುಣೆಗೋ ಬೆಂಗಳೂರಿಗೋ ಹೋದ ತಕ್ಷಣ ನಮ್ಮ ಹುಡುಗರು ಬೇರೆಯೇ ಮನುಷ್ಯರಾಗುವುದು ಇದಕ್ಕೇ. ಉದಾರವಾದ ನೀತಿಯನ್ನು ಕಸಿಯುವುದಿಲ್ಲ, ಕಾವಲುಗಾರನನ್ನು ಮನೆಗೆ ಕಳಿಸುತ್ತದೆ. ಆಮೇಲೆ ನಿಮ್ಮ ನಡತೆಗೆ ನೀವೇ ಜವಾಬು. ಇದು ಸಡಿಲ ಬದುಕು ಅಂತ ಹೇಳುವವರು ಒಂದು ತಿಂಗಳು ಹಾಗೆ ಬದುಕಿ ನೋಡಲಿ.

ಇದೆಲ್ಲ ಪರದೇಶದ್ದು. ನಮ್ಮ ಮಣ್ಣಿಗೆ ಹೊಂದಂಗಿಲ್ಲ, ಅಲ್ರೀ?

ಹುಟ್ಟಿದ್ದು ಅಲ್ಲೇ. ಯುರೋಪಿನಲ್ಲಿ ಕ್ರೈಸ್ತರು ಕ್ರೈಸ್ತರನ್ನೇ ಕಡಿದು ಕಡಿದು ಸುಸ್ತಾದ ಮೇಲೆ, 1689ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ‘ಬೇರೆಯವರ ನಂಬಿಕೆಯನ್ನು ಸಹಿಸಿಕೊಳ್ಳಿ’ ಅಂತ ಬರೆದ. ಆ ಸಹನೆ ನಾಸ್ತಿಕರಿಗೆ ಇಲ್ಲ ಅಂತಲೂ ಅದರಲ್ಲೇ ಬರೆದ! ಮಿಲ್ ಸಾಹೇಬರಂತೂ 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಸಂಬಳ ತಿಂದವರು, ‘ಹಿಂದುಳಿದ’ ಜನರಿಗೆ ತಮ್ಮ ತತ್ವ ಅನ್ವಯಿಸುವುದಿಲ್ಲ ಅಂದವರು. ಅಂದರೆ ನಮಗೆ. ಅದನ್ನು ಮುಚ್ಚಿಡಬೇಕಾಗಿಲ್ಲ.

ಆದರೆ ‘ನಮ್ಮ ಮಣ್ಣು’ ಅನ್ನುವಾಗ ಯಾವ ಮಣ್ಣು? ಬಸವಣ್ಣ ಹುಟ್ಟಿದ ಬಾಗೇವಾಡಿ ನನ್ನ ಮನೆಯಿಂದ ಒಂದು ತಾಸಿನ ದಾರಿ, ಐಕ್ಯನಾದ ಕೂಡಲಸಂಗಮ ಬಾಗಲಕೋಟೆ ಜಿಲ್ಲೆಯಲ್ಲಿದೆ. 12ನೇ ಶತಮಾನದ ಕಲ್ಯಾಣದಲ್ಲಿ ಬ್ರಾಹ್ಮಣ ಮಧುವರಸರ ಮಗಳಿಗೂ ಸಮಗಾರ ಹರಳಯ್ಯನವರ ಮಗನಿಗೂ ಮದುವೆಯಾಯಿತು, ಅದಕ್ಕೆ ಅಪ್ಪಂದಿರನ್ನು ಕೊಂದರು ಅಂತ ನಮ್ಮ ಪರಂಪರೆಯೇ ಹೇಳುತ್ತದೆ. ಎರಡು ಮನೆ ಒಪ್ಪಿದ ಮದುವೆ ಅದು. ಒಪ್ಪದಿದ್ದದ್ದು ಮಂದಿ.

ವಿಜಾಪುರದ ಇಮ್ಮಡಿ ಇಬ್ರಾಹಿಂ ಆದಿಲ್ ಶಾಹಿಯ ಹೆಸರನ್ನೂ ಹೇಳುತ್ತಾರೆ, ಸರಸ್ವತಿಯನ್ನು ಹಾಡಿ ಹೊಗಳಿದ ಸುಲ್ತಾನ, ಜಗದ್ಗುರು ಅನಿಸಿಕೊಂಡವನು. ದೊಡ್ಡ ಮನಸ್ಸು, ಹೌದು. ಆದರೆ ಅದನ್ನು ಉದಾರವಾದ ಅನ್ನಲು ನನಗೆ ಮನಸ್ಸಿಲ್ಲ. ದೊರೆ ಒಳ್ಳೆಯವನಿದ್ದ ಅನ್ನುವುದು ಬೇರೆ, ನನಗೆ ಹಕ್ಕಿದೆ ಅನ್ನುವುದು ಬೇರೆ. ದೊರೆ ಸತ್ತ ಮೇಲೆ ಒಳ್ಳೆಯತನವೂ ಅವನ ಜೊತೆ ಇಬ್ರಾಹಿಂ ರೋಜಾದಲ್ಲಿ ಮಲಗುತ್ತದೆ.

## ಮನೆ, ಮದುವೆ, ಓಣಿ

ಮಗಳು ಬೇರೆ ಜಾತಿ ಹುಡುಗನ್ನ ಮಾಡ್ಕೋತೀನಿ ಅಂತಾಳ. ಬ್ಯಾಡ ಅಂದ್ರ ನಾ ಕೆಟ್ಟವ ಆಗ್ತೀನೇನು?

ಬೇಡ ಅಂದ ಮಾತ್ರಕ್ಕೆ ಕೆಟ್ಟವರಾಗುವುದಿಲ್ಲ. ನಿಮಗೆ ದುಃಖ ಪಡುವ ಹಕ್ಕಿದೆ, ವಾದ ಮಾಡುವ ಹಕ್ಕಿದೆ, ಮದುವೆಗೆ ಹೋಗದಿರುವ ಹಕ್ಕೂ ಇದೆ. ಫೋನ್ ಕಸಿದು ಕೋಣೆಯಲ್ಲಿ ಕೂಡಿಹಾಕುವ, ಹುಡುಗನ ಮನೆಗೆ ಹತ್ತು ಜನರನ್ನು ಕಳಿಸುವ ಹಕ್ಕಿಲ್ಲ. ಗೆರೆ ಇರುವುದು ಅಲ್ಲಿ.

ಇದು ಪುಸ್ತಕದ ಮಾತಲ್ಲ. ಬೆಳಗಾವಿ ಜಿಲ್ಲೆಯ ಮುರಗೋಡ ಠಾಣೆಯಲ್ಲಿ 2020ರಲ್ಲಿ ಒಂದು ದೂರು ದಾಖಲಾಯಿತು. ಮನೆಗೆ ಹೇಳದೆ ಹೋಗಿ, ಇಷ್ಟಪಟ್ಟವನನ್ನು ಮದುವೆಯಾದ ಮಗಳು ಕಾಣೆಯಾಗಿದ್ದಾಳೆ ಅಂತ. ಅವಳು ಕಾಲೇಜಿನಲ್ಲಿ ಪಾಠ ಹೇಳುವವಳು, ಮಗು ಅಲ್ಲ. ಮದುವೆಯಾಗಿದೆ ಅಂತ ಗೊತ್ತಾದ ಮೇಲೂ, ಠಾಣೆಗೆ ಬಂದು ಹೇಳಿಕೆ ಕೊಡು ಅಂತ ತನಿಖಾಧಿಕಾರಿಯ ಒತ್ತಾಯ. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. 2021ರ ಫೆಬ್ರುವರಿ 8ರಂದು ಕೋರ್ಟು ಆ ಎಫ್‌ಐಆರ್ ರದ್ದು ಮಾಡಿ, ಇಬ್ಬರು ವಯಸ್ಕರು ಒಪ್ಪಿದ ಮೇಲೆ ಮನೆಯವರದ್ದಾಗಲಿ ಸಮಾಜದ್ದಾಗಲಿ ಒಪ್ಪಿಗೆ ಬೇಕಿಲ್ಲ ಅಂತ ಹೇಳಿತು. ಇಂಥ ಮದುವೆಗಳಿಂದಲೇ ಜಾತಿಯ ಬಿಗುವು ಕಡಿಮೆಯಾಗಬಹುದು ಅಂತಲೂ ಸೇರಿಸಿತು.

ಹಾಗಂತ ದಾರಿ ಸಲೀಸಾಗಿದೆ ಅಂದುಕೊಳ್ಳಬೇಡಿ. 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಬೇಕಾದರೆ 30 ದಿನ ಮೊದಲು ನೋಟಿಸು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ. ಜಾತಿ ದಾಟಲು ಮಾಡಿದ ಬಾಗಿಲಿಗೆ ಸರ್ಕಾರವೇ ಓಣಿಯವರನ್ನು ಕಾವಲಿಗೆ ಕರೆದ ಹಾಗಾಯಿತು, ಅಲ್ವಾ?

ಮಕ್ಕಳು ಓಡಿ ಹೋದ್ರೆ ಮನೆತನದ ಮಾನ ಹೋಗತ್ತಲ್ಲ. ಮಾನಕ್ಕೆ ಬೆಲೆ ಇಲ್ಲವಾ?

2023ರ ಡಿಸೆಂಬರ್‌ನಲ್ಲಿ ಬೆಳಗಾವಿ ತಾಲ್ಲೂಕಿನ ಹೊಸ ವಂಟಮುರಿಯಲ್ಲಿ ಹೀಗೇ ಒಂದು ಮನೆತನ ಮಾನ ಕಾಪಾಡಲು ಹೊರಟಿತು. ಹುಡುಗ ಹುಡುಗಿ ಓಡಿಹೋಗಿದ್ದರು. ಹುಡುಗಿಯ ಕಡೆಯವರು ರಾತ್ರಿ ಬಂದು ಹುಡುಗನ ತಾಯಿಯ ಬಟ್ಟೆ ಬಿಚ್ಚಿಸಿ, ಬೀದಿಯಲ್ಲಿ ಎಳೆದಾಡಿ, ಕಂಬಕ್ಕೆ ಕಟ್ಟಿ ಹೊಡೆದರು. ತಾಯಿ ಏನು ಮಾಡಿದ್ದಳು? ಏನೂ ಇಲ್ಲ. ಮಾನದ ಲೆಕ್ಕದಲ್ಲಿ ತಪ್ಪು ಮಾಡಿದವರೇ ಸಿಗಬೇಕು ಅಂತ ಇಲ್ಲ, ಆ ಕಡೆಯ ಯಾವ ಹೆಂಗಸಾದರೂ ನಡೆಯುತ್ತದೆ.

ಹೈಕೋರ್ಟು ಸುದ್ದಿ ನೋಡಿ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ಅಷ್ಟು ಜನ ಸುಮ್ನೆ ನಿಂತು ನೋಡಿದರಲ್ಲ ಅಂತ ಬೇಜಾರು ಮಾಡಿಕೊಂಡಿತು, ಊರಿಗೇ ದಂಡ ಹಾಕುವ ಮಾತೂ ಬಂತು. ಒಪ್ಪಿಕೊಳ್ಳುತ್ತೇನೆ, ಉದಾರವಾದಿಯಾಗಿ ಆ ದಂಡದ ಮಾತು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮಾಡಿದವನಿಗೆ ಶಿಕ್ಷೆ ಅನ್ನುವವರು ನಾವು, ಊರಿಗೆಲ್ಲ ದಂಡ ಅಂದರೆ ಮತ್ತೆ ಅದೇ ಹಳೇ ಲೆಕ್ಕಕ್ಕೆ ಹೋದ ಹಾಗೆ. ಆದರೆ ನಿಂತು ನೋಡಿದವರು ನಿರಪರಾಧಿಗಳು ಅಂತ ಹೇಳಲೂ ನಾಲಿಗೆ ಏಳುವುದಿಲ್ಲ. ಕಾನೂನಿನಲ್ಲಿ ಅವರು ಬಚಾವಾಗಬಹುದು. ನೀತಿಯಲ್ಲಿ ಇಲ್ಲ. ‘ಬೇರೆಯವರ ವಿಷಯಕ್ಕೆ ಹೋಗಬೇಡ’ ಅನ್ನುವುದು ಉದಾರವಾದ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ರಾತ್ರಿ ಹೋಗಲೇಬೇಕಿತ್ತು.

ಮುತ್ತು ಕಟ್ಟೋದು ಅವರ ನಂಬಿಕೆ. ಎಲ್ಲರ ನಂಬಿಕೆಗೆ ಗೌರವ ಅನ್ನೋರು ದೇವದಾಸಿ ಪದ್ಧತಿ ಹೆಂಗ ವಿರೋಧ ಮಾಡ್ತೀರಿ?

ಮುತ್ತು ಕಟ್ಟಿ ದೇವಿಗೆ ಬಿಡುವಾಗ ಹುಡುಗಿಗೆ ವಯಸ್ಸೆಷ್ಟು ಅಂತ ಒಮ್ಮೆ ಕೇಳಿ. ನಂಬಿಕೆ ಹಿರಿಯರದ್ದು, ಬದುಕು ಮಗುವಿನದ್ದು. ಒಬ್ಬರ ನಂಬಿಕೆಯ ಬಿಲ್ಲನ್ನು ಇನ್ನೊಬ್ಬರ ಮೈಮೇಲೆ ಹರಿಯುವುದು ಯಾವ ಗೌರವ? ಮತ್ತು ಯಾವ ಜಾತಿಯ, ಎಂಥ ಬಡತನದ ಹುಡುಗಿಯರನ್ನು ಬಿಟ್ಟರು ಅಂತ ಎಲ್ಲಮ್ಮನ ಸವದತ್ತಿ ಸುತ್ತಮುತ್ತ ಎಲ್ಲರಿಗೂ ಗೊತ್ತು. ಎಲ್ಲರ ದೇವಿಗೆ ದಲಿತರ ಮಗಳೇ ಯಾಕೆ ಬೇಕಾದಳು?

ನಮ್ಮ ಜಿಲ್ಲೆಗಳು ಮುಂಬೈ ಪ್ರಾಂತದಲ್ಲಿದ್ದಾಗಲೇ 1934ರಲ್ಲಿ ಒಂದು ಕಾಯ್ದೆ ಬಂತು, ಕರ್ನಾಟಕದ ಕಾಯ್ದೆ 1982ರಲ್ಲಿ ಬಂತು. ಅದಕ್ಕೂ ಹಿಂದೆ, 1891ರಲ್ಲಿ ಬ್ರಿಟಿಷ್ ಸರ್ಕಾರ ದೈಹಿಕ ಸಂಬಂಧಕ್ಕೆ ಹುಡುಗಿಯರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದಾಗ, ಪರಕೀಯ ಸರ್ಕಾರ ನಮ್ಮ ಮನೆಯೊಳಗೆ ಕೈ ಹಾಕಬಾರದು ಅಂತ ತಿಲಕರು ವಿರೋಧಿಸಿದ್ದರು. ಹತ್ತು ಅನ್ನುವ ಸಂಖ್ಯೆಯನ್ನು ಇನ್ನೊಂದು ಸಲ ಓದಿ. ಕ್ಲಾಸಿನಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚೂ ಸುಮ್ಮನಾಗುತ್ತದೆ.

ಪಾರ್ಕ್‌ನಲ್ಲಿ ಕೂತ ಜೋಡಿಗೆ ನಾಲ್ಕು ಬುದ್ಧಿಮಾತು ಹೇಳಿದ್ರೆ ತಪ್ಪೇನು?

ಬುದ್ಧಿಮಾತು ಹೇಳಲು ನಾಲ್ಕೇ ಮಾತು ಸಾಕು, ನಾಲ್ಕು ಬೈಕು ಮತ್ತು ವಿಡಿಯೋ ಮಾಡುವ ಮೊಬೈಲು ಯಾಕೆ? ಹೆಸರು ಕೇಳಿ, ಜಾತಿ ಧರ್ಮ ಕೇಳಿ, ಆಮೇಲೆ ಕಪಾಳಕ್ಕೆ ಹೊಡೆಯುವುದನ್ನು ಪತ್ರಿಕೆಗಳು ‘ನೈತಿಕ ಪೊಲೀಸ್‌ಗಿರಿ’ ಅನ್ನುತ್ತವೆ. ಅದರಲ್ಲಿ ನೀತಿಯೂ ಇಲ್ಲ, ಅವರು ಪೊಲೀಸರೂ ಅಲ್ಲ. ಗೋಳಗುಮ್ಮಟದ ಹುಲ್ಲಿನ ಮೇಲೆ ಇಬ್ಬರು ಕೂತು ಶೇಂಗಾ ತಿಂದರೆ ಆದಿಲ್ ಶಾಹಿಗೇ ತೊಂದರೆ ಇಲ್ಲ.

ಕುಡಿಯೋದು ನನ್ನ ಸ್ವಂತ ವಿಷಯ ಅಲ್ವಾ? ನನ್ನ ರೊಕ್ಕ, ನನ್ನ ಹೊಟ್ಟಿ.

ಮಿಲ್ ಸಾಹೇಬರ ಸೂತ್ರ ಇಟ್ಟುಕೊಂಡರೆ ಹೌದು. ಆದರೆ ನಮ್ಮ ಹಳ್ಳಿಗಳಲ್ಲಿ ರೊಕ್ಕ ಯಾರದ್ದು? ಎಷ್ಟೋ ಸಲ ಹೆಂಡತಿ ಕಬ್ಬು ಕಡಿದು ತಂದದ್ದು. ಹೊಟ್ಟೆ ಒಂದೇ ಇರಬಹುದು, ಬೆನ್ನು ಮಾತ್ರ ಹೆಂಡತಿಯದ್ದು, ಮಕ್ಕಳದ್ದು. ಸಾರಾಯಿ ನಿಲ್ಲಿಸಿ ಅಂತ ಮೊದಲು ಬೀದಿಗೆ ಬಂದವರು ಹೆಂಗಸರೇ, 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಬಂದ್ ಆಯಿತು.

ಅದು ಸರಿಯಾಯಿತಾ? ನಾನು ಎರಡೂ ಕಡೆ ವಾಲುತ್ತೇನೆ. ಹೊಡೆಯುವುದು ಅಪರಾಧ, ಅದನ್ನು ಹಿಡಿದು ಶಿಕ್ಷಿಸಿ ಅನ್ನುವುದು ಶುದ್ಧ ಉದಾರವಾದ. ಅಂಥ ರಾತ್ರಿ ಠಾಣೆಗೆ ಹೋಗಿ ದೂರು ಕೊಡುವ ಶಕ್ತಿ ಇರುವ ಹೆಂಗಸರು ಎಷ್ಟು ಜನ? ಮತ್ತೆ, ಬಡವನ ಪ್ಯಾಕೆಟ್ಟು ಬಂದ್ ಮಾಡಿದ ಸರ್ಕಾರ ಬಾರುಗಳನ್ನು ಬಂದ್ ಮಾಡಲಿಲ್ಲ. ಅದಕ್ಕೆ ನೀತಿಗಿಂತ ಅಬಕಾರಿ ಆದಾಯದ ಲೆಕ್ಕ ಜಾಸ್ತಿ ಕಾಣುತ್ತದೆ.

## ಕಾನೂನು

ಸಂವಿಧಾನದಲ್ಲೇ ನೈತಿಕತೆ ಅನ್ನೋ ಪದ ಇದೆಯಂತೆ, ಹೌದಾ?

ಇದೆ. ಮಾತಿನ ಸ್ವಾತಂತ್ರ್ಯಕ್ಕೆ ಮಿತಿ ಹಾಕಲು 19(2)ನೇ ವಿಧಿ ಕೊಡುವ ಕಾರಣಗಳಲ್ಲಿ ಸಭ್ಯತೆ, ನೈತಿಕತೆ ಸೇರಿವೆ. ಧರ್ಮದ ಸ್ವಾತಂತ್ರ್ಯದ 25ನೇ ವಿಧಿಯೂ ‘ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟು’ ಅಂತಲೇ ಶುರುವಾಗುತ್ತದೆ. ಪ್ರಶ್ನೆ ಇರುವುದು ಯಾರ ನೈತಿಕತೆ ಅಂತ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಸಾಂವಿಧಾನಿಕ ನೈತಿಕತೆಯ, ಅಂದರೆ ಸಂವಿಧಾನದ ರೀತಿ ನೀತಿಗೆ ಮನಸಾರೆ ಬದ್ಧರಾಗಿರುವ, ಮಾತೆತ್ತಿದರು. ಅದು ಹುಟ್ಟಿನಿಂದ ಬರುವ ಗುಣವಲ್ಲ, ಬೆಳೆಸಿಕೊಳ್ಳಬೇಕು, ನಮ್ಮವರು ಅದನ್ನು ಇನ್ನೂ ಕಲಿಯಬೇಕಿದೆ ಅಂದರು. ಭಾರತದ ನೆಲದ ಮೇಲೆ ಪ್ರಜಾಪ್ರಭುತ್ವ ಬರೀ ಮೇಲು ಗೊಬ್ಬರ ಅನ್ನುವ ಅರ್ಥದ ಮಾತೂ ಅಲ್ಲೇ ಬಂದದ್ದು. ಒಕ್ಕಲುತನ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಪ್ಪತ್ತು ವರ್ಷದ ನಂತರ, 2018ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ 377ನೇ ಕಲಮಿನ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದೇ ಎಳೆ ಹಿಡಿದು, ಬಹುಜನರ ನೈತಿಕತೆಗೂ ಸಂವಿಧಾನದ ನೈತಿಕತೆಗೂ ತಿಕ್ಕಾಟ ಬಂದರೆ ಎರಡನೆಯದೇ ಗೆಲ್ಲಬೇಕು ಅಂದಿತು.

ಹೆಚ್ಚು ಜನಕ್ಕೆ ಅಸಹ್ಯ ಅನಿಸಿದ್ದನ್ನು ನಿಷೇಧ ಮಾಡಿದ್ರೆ ಅದೇ ಪ್ರಜಾಪ್ರಭುತ್ವ ಅಲ್ವಾ?

ಇದೇ ಜಗಳ ಇಂಗ್ಲೆಂಡಿನಲ್ಲಿ ಆಗಿಹೋಗಿದೆ. 1957ರಲ್ಲಿ ವುಲ್ಫೆಂಡನ್ ಸಮಿತಿ, ವಯಸ್ಕ ಗಂಡಸರ ನಡುವೆ ಒಪ್ಪಿಗೆಯಿಂದ, ಖಾಸಗಿಯಾಗಿ ನಡೆಯುವ ಸಲಿಂಗ ಸಂಬಂಧ ಅಪರಾಧವಾಗಬಾರದು ಅಂದಿತು. ಡೆವ್ಲಿನ್ ಅನ್ನುವ ನ್ಯಾಯಾಧೀಶರು 1959ರಲ್ಲಿ ಎದುರು ನಿಂತರು. ಸಮಾಜವನ್ನು ಹಿಡಿದಿಟ್ಟಿರುವುದೇ ಹಂಚಿಕೊಂಡ ನೀತಿ, ಅದು ಬಿಚ್ಚಿಕೊಂಡರೆ ಸಮಾಜವೇ ಬಿಚ್ಚಿಕೊಳ್ಳುತ್ತದೆ ಅನ್ನುವುದು ಅವರ ವಾದ. ಹಾರ್ಟ್ ಅನ್ನುವ ಕಾನೂನು ಪಂಡಿತರು ಕೇಳಿದ್ದು ಸರಳ: ಬಿಚ್ಚಿಕೊಳ್ಳುತ್ತದೆ ಅನ್ನುವುದಕ್ಕೆ ಪುರಾವೆ ಎಲ್ಲಿ? 1967ರಲ್ಲಿ ಕಾನೂನು ಬದಲಾಯಿತು, ಇಂಗ್ಲೆಂಡೇನೂ ಕುಸಿದು ಬೀಳಲಿಲ್ಲ. ಅವರು 1860ರಲ್ಲಿ ನಮಗೆ ಬರೆದುಕೊಟ್ಟ 377 ಮಾತ್ರ ಇನ್ನೂ ಅರ್ಧ ಶತಮಾನ ನಮ್ಮ ಜೊತೆ ಉಳಿಯಿತು.

ಅದೇ 2018ರ ಸೆಪ್ಟೆಂಬರ್‌ನಲ್ಲಿ 497ನೇ ಕಲಮೂ ಹೋಯಿತು, ವ್ಯಭಿಚಾರದ್ದು. ‘ಇನ್ನು ಯಾರು ಯಾರ ಹೆಂಡತಿ’ ಅಂತ ಆಗ ಬಹಳ ಮಂದಿ ತಲೆ ಚಚ್ಚಿಕೊಂಡರು. ಕಲಮು ಏನಿತ್ತು ಅಂತ ಓದಿದವರು ಕಡಿಮೆ. ಗಂಡ ಒಪ್ಪಿದ್ದರೆ ಅದು ಅಪರಾಧವೇ ಅಲ್ಲ! ಅಂದರೆ ಹೆಂಡತಿ ಗಂಡನ ಆಸ್ತಿ, ಪರವಾನಗಿ ಇಲ್ಲದೆ ಮುಟ್ಟಿದರೆ ಕಳವು. ಇದನ್ನು ನೀತಿಯ ಕೋಟೆ ಅಂತ ಕಾಯುತ್ತಿದ್ದೆವು. ವ್ಯಭಿಚಾರಕ್ಕೆ ಡೈವೋರ್ಸ್ ಇವತ್ತಿಗೂ ಸಿಗುತ್ತದೆ. ಜೈಲಿಲ್ಲ ಅಷ್ಟೇ.

## ಇನ್ನೂ ಒಳಗೆ ಹೋದರೆ

ಸರಿ ತಪ್ಪು ಅವರವರಿಗೆ ಬಿಟ್ಟದ್ದು ಅಂದ್ರೆ, ಎಲ್ಲಾನೂ ಸರಿ ಅಂದಂಗೆ ಆಗಲಿಲ್ವಾ?

‘ನಿರ್ಧಾರ ಯಾರು ಮಾಡಬೇಕು’ ಮತ್ತು ‘ನಿರ್ಧಾರ ಸರಿಯೋ ತಪ್ಪೋ’ ಎರಡು ಪ್ರಶ್ನೆ. ನನ್ನ ಗೆಳೆಯ ಮಗನ ಮದುವೆಗೆ ಹೊಲ ಅಡವಿಟ್ಟು ಎರಡು ಸಾವಿರ ಜನಕ್ಕೆ ಊಟ ಹಾಕಿಸಿದ. ಹೊಲ ಅವನದ್ದು, ನಿರ್ಧಾರವೂ ಅವನದ್ದೇ. ದಡ್ಡ ನಿರ್ಧಾರ ಅಂತ ಅವನ ಮುಖಕ್ಕೇ ಹೇಳಿದೆ, ಊಟಾನೂ ಮಾಡಿ ಬಂದೆ. ಎಲ್ಲವೂ ಸರಿ ಅನ್ನುವವನಿಗೆ ದೇವದಾಸಿ ಪದ್ಧತಿಯನ್ನೂ ಬೇಡ ಅನ್ನಲು ಬಾಯಿ ಇರುವುದಿಲ್ಲ. ಉದಾರವಾದಿಗೆ ಇರುತ್ತದೆ, ಯಾಕೆಂದರೆ ಒಬ್ಬ ಮನುಷ್ಯನನ್ನು ಇನ್ನೊಬ್ಬ ಸಾಮಾನಿನ ಹಾಗೆ ಬಳಸುವುದು ತಪ್ಪು ಅನ್ನುವುದು ಅವನಿಗೆ ಅಭಿರುಚಿಯ ಮಾತಲ್ಲ.

ಸರ್ಕಾರ ಯಾವ ನೀತಿಯ ಪರವೂ ಇರಬಾರದು ಅಂತ ಓದಿದೀವಿ. ಅದು ಸಾಧ್ಯನಾ?

ಪೂರ್ತಿ ಸಾಧ್ಯವಿಲ್ಲ. 1971ರಲ್ಲಿ ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ ನ್ಯಾಯದ ಬಗ್ಗೆ ಬರೆದ ಮೇಲೆ ಈ ಚರ್ಚೆ ದಪ್ಪ ದಪ್ಪ ಪುಸ್ತಕಗಳಾಗಿ ಬೆಳೆದಿದೆ, ಆದರೆ ನಮ್ಮ ಜಿಲ್ಲೆಯ ಮೊಟ್ಟೆ ಸಾಕು ಉದಾಹರಣೆಗೆ. 2021ರ ಡಿಸೆಂಬರ್‌ನಲ್ಲಿ ವಿಜಯಪುರ ಸೇರಿ ಏಳು ಜಿಲ್ಲೆಗಳ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡಲು ಶುರು ಮಾಡಿದರು, ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ಪ್ರತಿಭಟಿಸಿದರು. ಮೊಟ್ಟೆ ಕೊಟ್ಟರೆ ಸಸ್ಯಾಹಾರಿಗಳ ನೀತಿಗೆ ಪೆಟ್ಟು ಅನ್ನುತ್ತೀರಿ. ಕೊಡದಿದ್ದರೆ? ಮೊಟ್ಟೆ ತಿನ್ನುವ ಮನೆಯ, ತೂಕ ಕಡಿಮೆ ಇರುವ ಮಗುವಿನ ತಟ್ಟೆಯ ಮೇಲೆ ಇನ್ನೊಬ್ಬರ ನೀತಿ ಕೂತಿತು. ಯಾರ ಪರವೂ ಅಲ್ಲದ ಜಾಗ ಅಲ್ಲಿಲ್ಲ. ಇದ್ದದ್ದರಲ್ಲಿ ಎರಡನ್ನೂ ಇಟ್ಟು ಮಗುವಿಗೆ, ಮನೆಯವರಿಗೆ ಆಯ್ಕೆ ಬಿಡುವುದೇ ಕಡಿಮೆ ಅನ್ಯಾಯ.

ವಯಸ್ಸಾದ ಅಪ್ಪ ಅವ್ವನ್ನ ನೋಡ್ಕೊಳ್ಳೋಕೂ ಕಾನೂನು ಬೇಕಾಯ್ತು. ಇದು ನಿಮ್ಮ ಉದಾರವಾದದ ಫಲ ಅಲ್ವಾ?

ಇಲ್ಲಿ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಹಿರಿಯ ನಾಗರಿಕರ 2007ರ ಕಾಯ್ದೆಯ ಪ್ರಕಾರ ಮಕ್ಕಳಿಂದ ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಬಹುದು. ಇಂಥ ಕೇಸು ನಡೆಯುವ ಉಪವಿಭಾಗಾಧಿಕಾರಿ (ಎ.ಸಿ.) ಆಫೀಸಿನ ವರಾಂಡದಲ್ಲಿ ಇಂಥ ಮುದುಕರನ್ನು ನೋಡಿದ್ದೇನೆ. ಮಗನ ಮೇಲೆ ಕೇಸು ಹಾಕಿ ಬಂದು, ‘ಅಂವಾ ಊಟಾ ಮಾಡ್ಯಾನೋ ಇಲ್ಲೋ’ ಅಂತ ಚಿಂತೆ ಮಾಡುತ್ತಾ ಕೂತಿರುತ್ತಾರೆ.

ಉದಾರವಾದ ಒಪ್ಪಿಗೆಯ ಭಾಷೆ ಮಾತಾಡುತ್ತದೆ. ಹುಟ್ಟುವಾಗ ಯಾರೂ ಒಪ್ಪಿಗೆ ಕೊಟ್ಟಿರುವುದಿಲ್ಲ, ಆದರೂ ಋಣ ಇರುತ್ತದೆ. ಆ ಋಣಕ್ಕೆ ಅದರಲ್ಲಿ ಪದ ಸಿಗುವುದಿಲ್ಲ. ಅದರ ಟೀಕಾಕಾರರು ಬಹಳ ಕಾಲದಿಂದ ಹೇಳುತ್ತಿರುವುದು ಇದನ್ನೇ, ಅವರು ಸರಿ ಅನಿಸುತ್ತದೆ. ಆದರೆ ಹಿಂದಿನ ಕಾಲದಲ್ಲಿ ಮುದುಕರು ಸುಖವಾಗಿದ್ದರು ಅನ್ನುವವರಿಗೆ ಒಂದು ಮಾತು: ಅವರನ್ನು ನೋಡಿಕೊಂಡದ್ದು ಮಗನಲ್ಲ, ಸೊಸೆ. ಅವಳ ಒಪ್ಪಿಗೆಯನ್ನೂ ಯಾರೂ ಕೇಳಿರಲಿಲ್ಲ.

ಸರ್, ನೀವು ಪಾಠ ಮಾಡ್ತೀರಿ. ಮನೇಲಿ ಹಂಗೇ ಇರ್ತೀರಾ?

ಒಬ್ಬ ಹುಡುಗಿ ಕೇಳಿದ್ದು. ಆವತ್ತು ನಕ್ಕು ತಪ್ಪಿಸಿಕೊಂಡೆ.

2006ರಲ್ಲಿ ನನ್ನ ಕಾಕಾನ ಮಗಳು ಬೇರೆ ಜಾತಿಯವನನ್ನು ರಿಜಿಸ್ಟರ್ ಮದುವೆಯಾದಳು. ಚಿಕ್ಕಂದಿನಿಂದ ನನ್ನ ಬೆನ್ನ ಮೇಲೆ ಬೆಳೆದವಳು. ಮನೆಯಿಂದ ಯಾರೂ ಹೋಗಬಾರದು ಅಂತ ಹಿರಿಯರು ಹೇಳಿದರು, ನನ್ನ ಕೈ ಯಾರೂ ಹಿಡಿದಿರಲಿಲ್ಲ. ಮೇಲೆ ಬರೆದಿದ್ದೇನಲ್ಲ, ಹೋಗದಿರುವ ಹಕ್ಕಿದೆ ಅಂತ. ಆ ಹಕ್ಕನ್ನು ನಾನೂ ಚಲಾಯಿಸಿದೆ. ಆ ದಿನ ಮಧ್ಯಾಹ್ನ ಎರಡರ ಕ್ಲಾಸಿನಲ್ಲಿ ಮಿಲ್ ಪಾಠ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಸಾಕ್ಷಿಗೆ ಒಬ್ಬರು ಕಡಿಮೆ ಬಿದ್ದು ಆಫೀಸಿನ ಹೊರಗೆ ಚಹಾ ಮಾರುವವನನ್ನು ಕರೆದು ಸಹಿ ಹಾಕಿಸಿದರಂತೆ, ಆಮೇಲೆ ಗೊತ್ತಾಯಿತು.

ಈಗ ಫೋನಿನಲ್ಲಿ ಮಾತಾಡುತ್ತಾಳೆ, ಮಕ್ಕಳ ಫೋಟೋ ಕಳಿಸುತ್ತಾಳೆ. ಮನೆಗೆ ಬಾ ಅಂತ ಎರಡು ಸಲ ಕರೆದೆ. ‘ನೋಡೋಣ ಅಣ್ಣಾ’ ಅಂದಿದ್ದಾಳೆ.